ಬಟನ್ ಬಿಟ್ಟರೂ ವಿಂಚ್ ನಿಲ್ಲಲಿಲ್ಲ: ಗಾಡಿಗೆ ಬ್ಯಾಟರಿ ಕನೆಕ್ಟರ್ ಯಾಕೆ ಬೇಕು, ಹೇಗೆ ಹಾಕಿಸಬೇಕು?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.

[00:00] ಶುರು



ಮೊದಲೇ ಹೇಳ್ಬಿಡ್ತೀನಿ. ನಾನು ಇಂಜಿನಿಯರ್ ಅಲ್ಲ, ಬಿಕಾಂ ಮಾಡಿರೋನು. ಡೆಬಿಟ್, ಕ್ರೆಡಿಟ್ ಗೊತ್ತು. ಆಂಪಿಯರ್, ವೋಲ್ಟ್ ಎಲ್ಲ ಹತ್ತನೇ ಕ್ಲಾಸಿಗೇ ಕೈಬಿಟ್ಟಿದ್ದೆ. ಆದ್ರೆ ಕಳೆದ ಬೇಸಿಗೆಯಲ್ಲಿ ಹೆಬ್ಬೂರಲ್ಲಿ ಒಂದು ಘಟನೆ ನಡೀತು. ಅವತ್ತಿಂದ ಈ ವಿಷಯ ತಲೇಲಿ ಕೂತ್ಕೊಂಡಿದೆ. ಗೊತ್ತಿರೋರನ್ನ ಕೇಳಿ, ಓದಿ, ಕೈಯಾರೆ ಬಿಚ್ಚಿ ನೋಡಿ ತಿಳ್ಕೊಂಡಿದ್ದನ್ನ ಇವತ್ತು ಹೇಳ್ತೀನಿ.

ವಿಷಯ ಸಣ್ಣದು ಅನ್ಸುತ್ತೆ. ಬ್ಯಾಟರಿಗೂ ವಿಂಚ್‌ಗೂ ನಡುವೆ ಕೈಯಿಂದಲೇ ಸಿಕ್ಕಿಸಿ, ಕೈಯಿಂದಲೇ ಕೀಳಬಹುದಾದ ಒಂದು ಪ್ಲಾಸ್ಟಿಕ್ ಕನೆಕ್ಟರ್. ಇ-ರಿಕ್ಷಾದಲ್ಲಿ ನೋಡಿರ್ತೀರಿ: ಬೂದು ಅಥವಾ ಕೆಂಪು ಬಣ್ಣದ ಚೌಕಟ್ಟಿನ ಪ್ಲಗ್, ಒಳಗೆ ಎರಡು ದಪ್ಪ ಲೋಹದ ನಾಲಿಗೆ. ಅಂಗಡಿಯಲ್ಲಿ ‘ಆಂಡರ್ಸನ್ ಪ್ಲಗ್’ ಅಂದ್ರೆ ಕೊಡ್ತಾರೆ.

[01:40] ಅವತ್ತು ಏನಾಯ್ತು

ಹೆಬ್ಬೂರು ಗೊತ್ತಲ್ವಾ? ತುಮಕೂರಿಂದ ಕುಣಿಗಲ್ ಬಸ್ ಹತ್ತಿದ್ರೆ ಗೂಳೂರು, ನಾಗವಲ್ಲಿ ಆದ್ಮೇಲೆ ಸಿಗೋ ಊರು. ನಮ್ಮ ಸೋದರಮಾವ ಇರೋದು ಅಲ್ಲೇ. ತೆಂಗು, ಅಡಿಕೆ, ಒಂದಿಷ್ಟು ರಾಗಿ. ಜೊತೆಗೆ ಒಂದು ಹಳೇ ಪಿಕಪ್ ಗಾಡಿ. ಅಕ್ಕಪಕ್ಕದವರ ಟಿಲ್ಲರ್ ಕೆಟ್ಟು ನಿಂತ್ರೆ ಗಾಡಿಗೆ ಹತ್ತಿಸ್ಕೊಂಡು ರಿಪೇರಿಗೆ ಸಾಗಿಸೋದು ಮಾವನ ಸೈಡ್ ಬಿಸಿನೆಸ್. ಅದಕ್ಕಂತಾನೇ ಗಾಡಿಯ ತೊಟ್ಟಿಯಲ್ಲಿ, ಕ್ಯಾಬಿನ್ ಹಿಂದೆ, 12 ವೋಲ್ಟಿನ ಒಂದು ವಿಂಚ್ ಕೂರಿಸಿದ್ರು. ವಿಂಚ್ ಅಂದ್ರೆ ಗೊತ್ತಿಲ್ಲದೋರಿಗೆ: ಮೋಟರ್ ತಿರುಗಿ, ಉಕ್ಕಿನ ಹಗ್ಗವನ್ನ ಡ್ರಮ್ಮಿಗೆ ಸುತ್ತಿಕೊಂಡು, ಭಾರ ಎಳೆಯೋ ಯಂತ್ರ.

ಅವತ್ತು ಒಂದು ಟಿಲ್ಲರ್ ಹತ್ತಿಸ್ತಿದ್ವಿ. ಹಲಗೆ ಇಳಿಬಿಟ್ಟು, ಕೊಕ್ಕೆ ಸಿಕ್ಕಿಸಿ, ಮಾವ ಬಟನ್ ಒತ್ತಿ ಹಿಡಿದಿದ್ರು. ಮಾವನ ಮಗ, ಪಿಯುಸಿ ಓದೋ ಹುಡುಗ, ತೊಟ್ಟಿ ಮೇಲೆ ನಿಂತು ಹಗ್ಗ ಡ್ರಮ್ಮಿಗೆ ಸರಿಯಾಗಿ ಸುತ್ಕೊಳ್ತಿದೆಯಾ ಅಂತ ನೋಡ್ತಿದ್ದ. ಅವನು ಅಲ್ಲಿ ನಿಂತಿದ್ದೇ ತಪ್ಪು. ಅದು ನಮಗೆ ಆಮೇಲೆ ಗೊತ್ತಾಗಿದ್ದು.

ಟಿಲ್ಲರ್ ಮೇಲೆ ಬಂತು. ಮಾವ ಬಟನ್ ಬಿಟ್ರು. ವಿಂಚ್ ಬಿಡಲಿಲ್ಲ. ಎಳೀತಾನೇ ಇತ್ತು.

ಒಂದು ಕಡೆ ಟಿಲ್ಲರ್, ಇನ್ನೊಂದು ಕಡೆ ವಿಂಚ್, ನಡುವೆ ಹುಡುಗ. ಮಾವ ‘ಹಾರೋ!’ ಅಂತ ಕೂಗಿದ್ರು. ಅವನು ಪಕ್ಕದ ಬಾಗಿಲ ಮೇಲಿಂದ ಹಾರಿದ. ನಾನು ಕ್ಯಾಬಿನ್‌ಗೆ ಓಡಿ ಕೀ ಆಫ್ ಮಾಡಿದೆ. ಎಂಜಿನ್ ನಿಂತ್ತು, ವಿಂಚ್ ನಿಲ್ಲಲಿಲ್ಲ. ಅಷ್ಟೊತ್ತಿಗೆ ಟಿಲ್ಲರ್ ಹೋಗಿ ವಿಂಚ್ ಫ್ರೇಮಿಗೆ ಗುದ್ದಿ ಸಿಕ್ಕಾಕ್ಕೊಂಡಿತ್ತು. ಮೋಟರ್ ತಿರುಗೋಕಾಗದೆ ಗುರ್ ಅಂತಿತ್ತು, ವೈರ್‌ನಿಂದ ಹೊಗೆ. ಬ್ಯಾಟರಿ ಟರ್ಮಿನಲ್ ಬಿಚ್ಚೋಣ ಅಂದ್ರೆ 10 ನಂಬರ್ ಸ್ಪ್ಯಾನರ್ ಮನೇಲಿ. ನಟ್ಟು ಬಿಳಿ ಪುಡಿ ಹಿಡಿದು ಕಚ್ಕೊಂಡಿತ್ತು.

ಕೊನೆಗೆ ಮಾವ ಮಾಡಿದ್ದು, ಸೀಟಿನ ಕೆಳಗಿದ್ದ ಎಳನೀರು ಕೊಚ್ಚೋ ಮಚ್ಚು ತೆಗೆದು ವೈರನ್ನೇ ಕಡಿದಿದ್ದು. ಬೆಂಕಿ ಹಾರ್ತು. ಅಂಗೈ ಬೊಬ್ಬೆ ಎದ್ದಿತು. ಆ ಮಚ್ಚಿನ ಬಾಯಲ್ಲಿ ಕರಗಿದ ಗುರುತು ಈಗಲೂ ಇದೆ. ದಯವಿಟ್ಟು ಇದನ್ನ ಯಾರೂ ಮಾಡಬೇಡಿ. ಆ ಮಚ್ಚು ಒಂದೇ ಹೊತ್ತಿಗೆ ವೈರಿಗೂ ಗಾಡಿಯ ಬಾಡಿಗೂ ತಾಗಿದ್ರೆ ಇಡೀ ಬ್ಯಾಟರಿ ಶಾರ್ಟ್ ಆಗ್ತಿತ್ತು. ನಮ್ಮ ಅದೃಷ್ಟ, ಆಗಲಿಲ್ಲ.

ಹುಡುಗನಿಗೆ ಮೊಣಕಾಲು ತರಚಿದ್ದು ಬಿಟ್ರೆ ಏನೂ ಆಗಲಿಲ್ಲ. ಆದ್ರೆ ಅವತ್ತು ರಾತ್ರಿ ಮಾವ ಊಟ ಮಾಡಲಿಲ್ಲ.

[04:30] ಕೀ ತೆಗೆದ್ರೂ ಯಾಕೆ ನಿಲ್ಲಲಿಲ್ಲ?

ಮಾರನೇ ದಿನ ಗಾಡಿನ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ರ ಎಳ್ಕೊಂಡು ಹೋದ್ವಿ. ಹಳೇ ಕೈ. ನಾನು ಮೊದಲು ಕೇಳಿದ್ದೇ ಇದು:

‘ಅಣ್ಣ, ಕೀ ಆಫ್ ಮಾಡಿದ್ರೂ ಹೆಂಗೆ ಓಡ್ತಿತ್ತು?’

ಅವರು ನಕ್ಕರು. ‘ಕೀಗೂ ವಿಂಚಿಗೂ ಏನಪ್ಪಾ ಸಂಬಂಧ? ಅದು ಬ್ಯಾಟರಿಯಿಂದ ನೇರ ಐತೆ. ಕೀ ಅಷ್ಟು ಕರೆಂಟ್ ತಡ್ಕೊಂಡೀತಾ?’

ಇದು ಮೊದಲು ಅರ್ಥ ಮಾಡ್ಕೋಬೇಕಾದ ವಿಷಯ. ವಿಂಚ್ ಕುಡಿಯೋ ಕರೆಂಟ್ ಎಷ್ಟು ಗೊತ್ತಾ? ಮೂರೂವರೆ ಟನ್ ಎಳೆಯೋ 12 ವೋಲ್ಟಿನ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್ ಆಸುಪಾಸು ಎಳೆಯುತ್ತೆ. ಮನೆಯ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 230 ವೋಲ್ಟಲ್ಲಿ ತಗೊಳ್ಳೋದು ನಾಲ್ಕೂಕಾಲು ಆಂಪಿಯರ್ ಸುಮಾರು. ಅಂದ್ರೆ ವಿಂಚಿನ ವೈರಲ್ಲಿ ಹರಿಯೋದು ಇಸ್ತ್ರಿ ಪೆಟ್ಟಿಗೆಯ ಸುಮಾರು ತೊಂಬತ್ತು ಪಟ್ಟು ಕರೆಂಟ್. ವೋಲ್ಟ್ ಕಮ್ಮಿ ಇದೆ, ಮುಟ್ಟಿದ್ರೆ ಶಾಕ್ ಹೊಡಿಯಲ್ಲ ಅಂತ ನಾವು 12 ವೋಲ್ಟನ್ನ ಹಗುರವಾಗಿ ತಗೋತೀವಿ. ಶಾಕ್ ಹೊಡಿಯಲ್ಲ, ನಿಜ. ಸುಡುತ್ತೆ.

ಇಷ್ಟು ಕರೆಂಟನ್ನ ಕೈಲಿ ಹಿಡಿಯೋ ಸಣ್ಣ ಬಟನ್ ತಡ್ಕೊಳ್ಳಲ್ಲ. ಅದಕ್ಕೇ ನಡುವೆ ಸಾಲಿನಾಯ್ಡ್ ಅಂತ ಒಂದು ದಪ್ಪ ಸ್ವಿಚ್ ಇರುತ್ತೆ. ನಾವು ಬಟನ್ ಒತ್ತಿದ್ರೆ ಅದರೊಳಗಿನ ಕಾಯಿಲ್ ಅಯಸ್ಕಾಂತ ಆಗಿ, ಒಂದು ತಾಮ್ರದ ತುಂಡನ್ನ ಎಳೆದು, ದೊಡ್ಡ ಸಂಪರ್ಕ ಕೂಡಿಸುತ್ತೆ. ಬಿಟ್ಟಾಗ ಸ್ಪ್ರಿಂಗ್ ಅದನ್ನ ದೂರ ತಳ್ಳುತ್ತೆ. ಅವತ್ತು ಆ ತಾಮ್ರದ ತುಂಡು ವೆಲ್ಡಿಂಗ್ ಆದ ಹಾಗೆ ಅಂಟಿಕೊಂಡಿತ್ತು. ಸ್ಪ್ರಿಂಗ್‌ಗೆ ಬಿಡಿಸೋಕಾಗಲಿಲ್ಲ.

‘ಅದು ಯಾಕಣ್ಣ ಅಂಟ್ಕೊಂಡಿದ್ದು?’

ಅವರು ಏನೂ ಹೇಳದೆ ಸುಟ್ಟ ವೈರ್ ಎತ್ತಿ ತೋರಿಸಿದ್ರು. ಮೀಟರ್ ಬೋರ್ಡಿಗೆ ಹಾಕೋ 10 ಸ್ಕ್ವೇರ್ ವೈರ್. ನಡುವೆ ಒಂದು ಕಡೆ ತಿರುಚಿ, ಟೇಪ್ ಸುತ್ತಿದ ಜಾಯಿಂಟ್.

‘ಇದ್ರಲ್ಲಿ ಐತೆ ನೋಡು, ನಿನ್ನ ಪ್ರಶ್ನೆಗೆ ಉತ್ತರ.’

[07:10] ಒಂದು ಟೇಪ್ ಜಾಯಿಂಟಿನ ಲೆಕ್ಕ

ಇಲ್ಲಿ ಸ್ವಲ್ಪ ಲೆಕ್ಕ ಇದೆ. ಓಡಿ ಹೋಗಬೇಡಿ, ಕೂಡೋದು ಗುಣಿಸೋದು ಅಷ್ಟೇ.

ಕರೆಂಟ್ 300 ಆಂಪಿಯರ್ ಹರೀತಿದೆ ಅಂತ ಇಟ್ಕೊಳ್ಳಿ. ಟೇಪ್ ಸುತ್ತಿದ ಜಾಯಿಂಟಿನ ರೆಸಿಸ್ಟೆನ್ಸ್ 5 ಮಿಲಿಓಮ್ ಅಂದ್ಕೊಳ್ಳಿ. ಒಂದು ಓಮಿನ ಸಾವಿರದಲ್ಲಿ ಐದು ಭಾಗ, ಏನೂ ಅಲ್ಲ ಅನ್ಸುತ್ತೆ. ಆದ್ರೆ ಬಿಸಿ ಹುಟ್ಟೋದು ಕರೆಂಟಿನ ವರ್ಗದ ಲೆಕ್ಕದಲ್ಲಿ. 300 ಗುಣಿಲೆ 300, ಅದಕ್ಕೆ 0.005 ಗುಣಿಸಿದ್ರೆ 450 ವ್ಯಾಟ್. ಅಂದ್ರೆ ಅರ್ಧ ಇಸ್ತ್ರಿ ಪೆಟ್ಟಿಗೆಯಷ್ಟು ಬಿಸಿ, ಬೆರಳುದ್ದದ ಒಂದು ಟೇಪಿನೊಳಗೆ. ಟೇಪ್ ಕರಗದೆ ಏನು ಮಾಡುತ್ತೆ? ಅದೇ ಜಾಗದಲ್ಲಿ 0.2 ಮಿಲಿಓಮಿನ ಒಳ್ಳೆ ಸಂಪರ್ಕ ಇದ್ದಿದ್ರೆ 18 ವ್ಯಾಟ್ ಅಷ್ಟೇ.

ಬಿಸಿ ಒಂದು ನಷ್ಟ. ಎರಡನೇ ನಷ್ಟ ವೋಲ್ಟೇಜ್. ಅದೇ ಜಾಯಿಂಟಲ್ಲಿ 1.5 ವೋಲ್ಟ್ ಹೋಯ್ತು. ವೈರ್ ಹೋಗೋಕೆ 2 ಮೀಟರ್, ಬರೋಕೆ 2 ಮೀಟರ್ ಅಂದ್ರೆ 10 ಸ್ಕ್ವೇರ್ ತಾಮ್ರದಲ್ಲಿ ಇನ್ನೂ 2 ವೋಲ್ಟ್ ಹೋಗುತ್ತೆ. ಅದೇ 35 ಸ್ಕ್ವೇರ್ ಆಗಿದ್ರೆ ಹೋಗೋದು 0.6 ವೋಲ್ಟ್ ಸುಮಾರು. ಭಾರ ಎಳೀವಾಗ ಬ್ಯಾಟರಿಯದ್ದೂ ವೋಲ್ಟ್ ಕುಸಿದಿರುತ್ತೆ. ಕೊನೆಗೆ ವಿಂಚ್ ಕಡೆ ತಲುಪೋದು ಎಂಟು ವೋಲ್ಟೋ ಏಳೋ. ಆಗ ಸಾಲಿನಾಯ್ಡ್ ಕಾಯಿಲ್‌ಗೆ ತಾಮ್ರವನ್ನ ಗಟ್ಟಿಯಾಗಿ ಹಿಡಿಯೋ ಶಕ್ತಿ ಇರಲ್ಲ. ಅದು ಹಿಡಿಯುತ್ತೆ, ಬಿಡುತ್ತೆ, ಹಿಡಿಯುತ್ತೆ. ಪ್ರತಿ ಸಲ ಕಿಡಿ. ಕಿಡಿಯಿಂದ ತಾಮ್ರ ಕರಗಿ ಅಂಟಿಕೊಳ್ಳುತ್ತೆ.

ನೋಡಿ, ಹಾಳಾಗಿದ್ದು ಸಾಲಿನಾಯ್ಡ್. ಆದ್ರೆ ಸಾಲ ಮಾಡಿದ್ದು ಟೇಪ್ ಸುತ್ತಿದ ವೈರ್. ಅಕೌಂಟ್ಸಲ್ಲೂ ಹಿಂಗೇ: ಒಂದು ಪುಟದಲ್ಲಿ ಮಾಡಿದ ತಪ್ಪು ಇನ್ನೊಂದು ಪುಟದಲ್ಲಿ ಕಾಣಿಸುತ್ತೆ.

[09:50] ಕನೆಕ್ಟರ್ ಅಂದ್ರೆ ಏನು?

ಈಗ ಪ್ಲಗ್ಗಿಗೆ ಬರೋಣ. ಆಂಡರ್ಸನ್ ಅನ್ನೋದು ಒಂದು ಕಂಪನಿ ಹೆಸರು. 1877ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಆಂಡರ್ಸನ್ ಸಹೋದರರು ಶುರು ಮಾಡಿದ್ದು. ಜೆರಾಕ್ಸ್ ಅಂದ ಹಾಗೆ, ಈಗ ಯಾವ ಕಂಪನಿ ಮಾಡಿದ್ರೂ ಜನ ‘ಆಂಡರ್ಸನ್’ ಅಂತಾನೇ ಕರೀತಾರೆ. ಗೋದಾಮಿನ ಬ್ಯಾಟರಿ ಫೋರ್ಕ್‌ಲಿಫ್ಟ್‌ಗಳಲ್ಲಿ ಇದರ ಬಳಕೆ ಬಹಳ. ವಸಂತನರಸಾಪುರದ ಕಡೆ ಕೆಲಸ ಮಾಡೋ ಗೆಳೆಯರಿದ್ರೆ ಕೇಳಿ ನೋಡಿ. ಚಾರ್ಜಿಗೆ ಹಾಕೋವಾಗ ದಿನಾ ಸಿಕ್ಕಿಸಿ ಕೀಳೋದು ಇದನ್ನೇ.

ಇದರ ಜಾಣತನ ಮೂರು.

ಒಂದು, ಇದರಲ್ಲಿ ಗಂಡು-ಹೆಣ್ಣು ಅನ್ನೋ ಭೇದ ಇಲ್ಲ. ಎರಡೂ ತುಂಡು ಒಂದೇ ಥರ. ಒಂದನ್ನ ತಿರುಗಿಸಿ ಇನ್ನೊಂದಕ್ಕೆ ಎದುರಿಟ್ರೆ ಕೂತ್ಕೊಳ್ಳುತ್ತೆ. ಹಾಗಾಗಿ ಬಿಡಿ ಭಾಗ ಒಂದೇ ಥರದ್ದು ಇಟ್ಕೊಂಡ್ರೆ ಸಾಕು. ಅದೇ ಅಳತೆ, ಅದೇ ಬಣ್ಣದ ಪ್ಲಗ್ ಇರೋ ಜಂಪರ್ ಕೇಬಲನ್ನೂ ಸಿಕ್ಕಿಸಬಹುದು.

ಎರಡು, ಒಳಗಿನ ನಾಲಿಗೆಗಳ ಕೆಳಗೆ ಉಕ್ಕಿನ ಪಟ್ಟಿ ಸ್ಪ್ರಿಂಗ್ ಇರುತ್ತೆ. ಅದು ಎರಡು ಕಡೆಯ ಲೋಹವನ್ನ ಒಂದಕ್ಕೊಂದು ಒತ್ತಿ ಹಿಡಿಯುತ್ತೆ. ಪ್ರತಿ ಸಲ ಸಿಕ್ಕಿಸಿ ಕೀಳುವಾಗ ನಾಲಿಗೆಗಳು ಒಂದನ್ನೊಂದು ಉಜ್ಜಿ ಮೇಲ್ಮೈ ಸ್ವಚ್ಛವಾಗುತ್ತೆ.

ಮೂರು, ಬಣ್ಣ. ಇದು ಬರೀ ಅಂದಕ್ಕಲ್ಲ. ಆ ಕಂಪನಿಯ ಪದ್ಧತಿಯಲ್ಲಿ ಹಳದಿ 12 ವೋಲ್ಟ್, ಕೆಂಪು 24, ಬೂದು 36, ನೀಲಿ 48. ಬೇರೆ ಬೇರೆ ಬಣ್ಣದವು ಒಂದಕ್ಕೊಂದು ಕೂರದ ಹಾಗೆ ಒಳಗೆ ಗೂಟ ಇಟ್ಟಿರ್ತಾರೆ. ನಮ್ಮ ಟ್ರ್ಯಾಕ್ಟರ್, ಪಿಕಪ್ 12 ವೋಲ್ಟ್. ದೊಡ್ಡ ಲಾರಿಗಳು 24. ಲಾರಿಯಿಂದ ಪಿಕಪ್‌ಗೆ ಯಾರಾದ್ರೂ ಅವಸರದಲ್ಲಿ ಸಿಕ್ಕಿಸೋಕೆ ಹೋದ್ರೆ ಪ್ಲಗ್ಗೇ ‘ಬೇಡ’ ಅನ್ನುತ್ತೆ. ಆದ್ರೆ ನಮ್ಮಲ್ಲಿ ಬಹಳ ಜನ 12 ವೋಲ್ಟಿಗೂ ಬೂದು ಬಣ್ಣವನ್ನೇ ಹಾಕ್ತಾರೆ, ಅಂಗಡಿಯಲ್ಲಿ ಸುಲಭವಾಗಿ ಸಿಗೋದು ಅದೇ ಅಂತ. ಹಾಕಿ, ತೊಂದರೆ ಇಲ್ಲ. ಆದ್ರೆ ನಿಮ್ಮ ಮನೆಯ ಎಲ್ಲ 12 ವೋಲ್ಟಿಗೂ ಒಂದೇ ಬಣ್ಣ ಇರಲಿ, 24 ಅಥವಾ 48ಕ್ಕೆ ಆ ಬಣ್ಣ ಅಪ್ಪಿತಪ್ಪಿಯೂ ಬೇಡ.

[12:40] ಯಾವುದಕ್ಕೆ ಎಷ್ಟು ದೊಡ್ಡದು?

ಪ್ಲಗ್ ಮೇಲೆ 50, 120, 175, 350 ಅಂತ ನಂಬರ್ ಇರುತ್ತೆ. ಅದು ಸುಮಾರಾಗಿ ಆಂಪಿಯರ್. ಲೆಕ್ಕ ಸುಲಭ: ವ್ಯಾಟನ್ನ ವೋಲ್ಟಿಂದ ಭಾಗಿಸಿ.

ಗಾಡಿಗೆ ಹಾಕೋ ಎಲ್‌ಇಡಿ ಲೈಟ್, ಫೋನ್ ಚಾರ್ಜರ್, ಸಣ್ಣ ಸ್ಪ್ರೇ ಪಂಪ್ ಇವೆಲ್ಲ ಹತ್ತು ಹದಿನೈದು ಆಂಪಿಯರ್ ಒಳಗೇ. ಸಣ್ಣ ಪ್ಲಗ್ ಸಾಕು. ದೊಡ್ಡ ಟೈರಿಗೆ ಗಾಳಿ ತುಂಬೋ ಕಂಪ್ರೆಸರ್ ಇದ್ರೆ 50ರದ್ದು.

ಗೂಳೂರು ಗಣಪತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಊರೂರಲ್ಲೂ ಮೆರವಣಿಗೆ ಅಂದ್ರೆ ಟ್ರ್ಯಾಕ್ಟರ್ ಮೇಲೆ ಸೀರಿಯಲ್ ಲೈಟು, ಸ್ಪೀಕರ್ ಇದ್ದೇ ಇರುತ್ತೆ. ಬ್ಯಾಟರಿಯಿಂದ 1000 ವ್ಯಾಟಿನ ಇನ್ವರ್ಟರ್ ಓಡಿಸಿದ್ರೆ? 1000ವನ್ನ 12ರಿಂದ ಭಾಗಿಸಿದ್ರೆ 83, ಇನ್ವರ್ಟರಿನ ಒಳನಷ್ಟ ಸೇರಿದ್ರೆ 100 ಆಂಪಿಯರ್ ಹತ್ರ. ಅದನ್ನ ಕ್ರೊಕೊಡೈಲ್ ಕ್ಲಿಪ್ಪಲ್ಲಿ ಕಚ್ಚಿಸಿ, ಜನರ ನಡುವೆ ಮೂರು ಗಂಟೆ ಓಡಿಸ್ತಾರೆ. ಹುಡುಗರೇ, ಮುಂದಿನ ಸಲ ಅಲ್ಲಿ 120ರ ಪ್ಲಗ್, ಅದಕ್ಕೆ ತಕ್ಕ ದಪ್ಪ ವೈರ್, ಒಂದು ಫ್ಯೂಸ್ ಹಾಕ್ಸಿ.

ವಿಂಚಿಗೆ 175 ಅಥವಾ 350. ‘400 ಆಂಪಿಯರ್ ಅಂದ್ಯಲ್ಲ, 175 ಹೆಂಗೆ ಸಾಕಾಗುತ್ತೆ?’ ಅಂತ ಕೇಳ್ತೀರಿ. ಒಳ್ಳೆ ಪ್ರಶ್ನೆ. ಆ 175 ಅನ್ನೋದು ಹೊತ್ತು ಮುಳುಗೋವರೆಗೂ ನಿರಂತರವಾಗಿ ಹರಿಯೋ ಕರೆಂಟಿಗೆ ಹೇಳಿದ್ದು. ವಿಂಚ್ ಅಷ್ಟು ಹೊತ್ತು ಓಡಲ್ಲ, ಓಡಿಸಲೂಬಾರದು. ಒಂದು ನಿಮಿಷದೊಳಗೆ ಎಳೆದು, ನಿಲ್ಲಿಸಿ, ಮೋಟರ್ ಆರೋಕೆ ಬಿಡಬೇಕು. ಸಣ್ಣ ವಿಂಚ್, ಚಿಕ್ಕ ಎಳೆತ ಅಂದ್ರೆ 175 ನಡೆಯುತ್ತೆ. ಪೂರ್ತಿ ಭಾರ ಮತ್ತೆ ಮತ್ತೆ ಎಳೆಯೋ ಕೆಲಸ ಆದ್ರೆ 350. ನಮ್ಮ ಮಾವನ ಗಾಡಿಗೆ 350 ಹಾಕ್ಸಿದ್ವಿ.

[15:20] ಹಾಕಿಸೋವಾಗ ನೋಡ್ಬೇಕಾದ್ದು

ಪ್ಲಗ್ ಎಷ್ಟೇ ಒಳ್ಳೇದಾದ್ರೂ ವೈರಿಗೂ ನಾಲಿಗೆಗೂ ಆಗೋ ಜೋಡಣೆ ಕೆಟ್ಟಿದ್ರೆ ಮತ್ತೆ ಅದೇ ಟೇಪ್ ಜಾಯಿಂಟಿನ ಕಥೆ. ಅದಕ್ಕೆ ಕ್ರಿಂಪಿಂಗ್ ಮಾಡಿಸಿ. ಹೈಡ್ರಾಲಿಕ್ ಕ್ರಿಂಪಿಂಗ್ ಟೂಲಲ್ಲಿ ಒತ್ತಿದ್ರೆ ತಾಮ್ರದ ಎಳೆಗಳೂ ನಾಲಿಗೆಯ ಕೊಳವೆಯೂ ಒಂದೇ ಗಟ್ಟಿ ಆಗಿಬಿಡ್ತವೆ. ಸುತ್ತಿಗೆಯಲ್ಲಿ ಬಡಿದ್ರೆ ಆಗಲ್ಲ. ಸೋಲ್ಡರ್ ಮಾಡ್ತೀನಿ ಅನ್ನೋರೂ ಇದ್ದಾರೆ. ತೊಂದರೆ ಏನಂದ್ರೆ, ಮಾಮೂಲಿ ತವರ-ಸೀಸದ ಸೋಲ್ಡರ್ 190 ಡಿಗ್ರಿ ಹತ್ರ ಕರಗುತ್ತೆ, ಜಾಯಿಂಟ್ ಬಿಸಿಯಾದ್ರೆ ಅದೇ ಮೊದಲು ಕೈ ಬಿಡೋದು. ಜೊತೆಗೆ ಅದು ವೈರಿನೊಳಗೆ ಹರಿದು ಎಳೆಗಳನ್ನ ಗಡುಸು ಮಾಡುತ್ತೆ. ಗಾಡಿ ಅದುರಾಟಕ್ಕೆ ಆ ಗಡುಸಾದ ಅಂಚಲ್ಲೇ ಮುರಿಯುತ್ತೆ.

ಕ್ರಿಂಪ್ ಆದ ನಾಲಿಗೆಯನ್ನ ಚೌಕಟ್ಟಿನೊಳಗೆ ತಳ್ಳಿದಾಗ ‘ಟಕ್’ ಅಂತ ಕೂರಬೇಕು. ಕೂತ್ಮೇಲೆ ವೈರ್ ಹಿಡಿದು ಒಂದು ಸಲ ಗಟ್ಟಿಯಾಗಿ ಎಳೆದು ನೋಡಿ. ಹೊರಗೆ ಬಂದ್ರೆ ಸರಿಯಾಗಿ ಕೂತಿಲ್ಲ.

ಪ್ಲಸ್, ಮೈನಸ್ ಗುರುತು ಚೌಕಟ್ಟಿನ ಮೇಲೇ ಅಚ್ಚು ಹಾಕಿರ್ತಾರೆ. ಎರಡೂ ತುಂಡಲ್ಲಿ ಕೆಂಪು ವೈರ್ ಪ್ಲಸ್ ಕಡೆಗೇ ಹೋಗಬೇಕು. ಒಂದರಲ್ಲಿ ಅದಲು ಬದಲಾದ್ರೂ ಪ್ಲಗ್ ಸಲೀಸಾಗಿ ಕೂರುತ್ತೆ, ಅದು ತಡೆಯಲ್ಲ. ಹಾಗಾಗಿ ಮೊದಲ ಸಲ ಸಿಕ್ಕಿಸೋ ಮುಂಚೆ ಮಲ್ಟಿಮೀಟರ್ ಹಿಡಿದು ನೋಡಿ.

ಬ್ಯಾಟರಿಯಲ್ಲಿ ಕೆಲಸ ಮಾಡೋವಾಗ ಮೊದಲು ಬಿಚ್ಚೋದು ಮೈನಸ್, ಕೊನೆಗೆ ಹಾಕೋದೂ ಮೈನಸ್. ಗಾಡಿಯ ಬಾಡಿ ಪೂರ್ತಿ ಮೈನಸ್ಸಿಗೆ ಸೇರಿರುತ್ತೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ನೇರ ಶಾರ್ಟ್. ಮೈನಸ್ ಮೊದಲೇ ಬಿಚ್ಚಿದ್ರೆ ಆ ಭಯ ಇಲ್ಲ. ಚಾರ್ಜ್ ಆಗೋ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಗಾಳಿಯಲ್ಲಿ ಶೇ 4ರಷ್ಟು ಸೇರಿದ್ರೆ ಸಾಕು, ಒಂದು ಕಿಡಿಗೆ ಸಿಡಿಯುತ್ತೆ. ಅದಕ್ಕೇ ಪ್ಲಗ್ಗನ್ನ ಬ್ಯಾಟರಿ ತಲೆಯ ಮೇಲೇ ಇಡಬೇಡಿ, ಸ್ವಲ್ಪ ದೂರ ಇರಲಿ.

ಇನ್ನೊಂದು ವಿಷಯ ಮರೀತಾರೆ. ಪ್ಲಗ್ ಕಿತ್ತಾಗ ವಿಂಚ್ ಕಡೆ ತುಂಡು ನಿರ್ಜೀವ, ಆದ್ರೆ ಬ್ಯಾಟರಿ ಕಡೆ ತುಂಡಲ್ಲಿ ಕರೆಂಟ್ ಇದ್ದೇ ಇರುತ್ತೆ. ಒಳಗೆ ಒಂದು ಮೊಳೆ ಬಿದ್ರೂ ಸಾಕು. ಅದಕ್ಕೆ ರಬ್ಬರ್ ಮುಚ್ಚಳ ಬರುತ್ತೆ, ಹಾಕಿ. ಕೆರೆ ಮಣ್ಣು, ರಸ್ತೆಯ ಕೆಂಪು ಧೂಳು ಎರಡನ್ನೂ ಅದೇ ತಡೆಯುತ್ತೆ. ವೈರಿನ ಭಾರ ಪ್ಲಗ್ ಮೇಲೆ ನೇತಾಡದ ಹಾಗೆ ಒಂದು ಕ್ಲಾಂಪ್ ಹಾಕಿ.

[18:30] ಫ್ಯೂಸ್ ಯಾರನ್ನ ಕಾಯುತ್ತೆ?

ಫ್ಯೂಸ್ ಇರೋದು ಲೈಟನ್ನೋ ಪಂಪನ್ನೋ ಕಾಪಾಡೋಕೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ಮೊದಲು ಕಾಯೋದು ವೈರನ್ನ. ವೈರ್ ಎಲ್ಲೋ ಉಜ್ಜಿ, ಸಿಪ್ಪೆ ಹೋಗಿ ಬಾಡಿಗೆ ತಾಗಿದ್ರೆ ಬ್ಯಾಟರಿ ತನ್ನಲ್ಲಿರೋದನ್ನೆಲ್ಲ ಅದರಲ್ಲಿ ಸುರಿಯುತ್ತೆ. ಆಗ ಫ್ಯೂಸ್ ಹೋಗ್ಬೇಕು, ಗಾಡಿ ಅಲ್ಲ. ಆದ್ದರಿಂದ ಫ್ಯೂಸ್ ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಇರಲಿ. ದೂರ ಹಾಕಿದ್ರೆ ಆ ದೂರದಷ್ಟು ವೈರಿಗೆ ಕಾವಲೇ ಇಲ್ಲ.

ವಿಂಚಿನ ಮಾತು ಸ್ವಲ್ಪ ಬೇರೆ. ಬಹಳಷ್ಟು ವಿಂಚ್ ಕಿಟ್‌ಗಳಲ್ಲಿ ಫ್ಯೂಸ್ ಬರಲ್ಲ. ಭಾರ ಸಿಕ್ಕಿಕೊಂಡ ಕ್ಷಣ ಕರೆಂಟ್ ಮೇಲಕ್ಕೆ ಹಾರುತ್ತೆ, ಅರ್ಧ ಇಳಿಜಾರಲ್ಲಿ ಫ್ಯೂಸ್ ಹೋದ್ರೆ ಅದು ಇನ್ನೊಂದು ಅಪಾಯ. ಹಾಗಾದ್ರೆ ಆ ದಪ್ಪ ವೈರನ್ನ ಕಾಯೋರು ಯಾರು? ಅಲ್ಲೇ ಪ್ಲಗ್ಗಿನ ನಿಜವಾದ ಕೆಲಸ. ವಿಂಚ್ ಬಳಸದಾಗ ಪ್ಲಗ್ ಕಿತ್ತಿರಬೇಕು. ರಸ್ತೆ ಮೇಲೆ ಓಡೋವಾಗ, ಮನೆ ಮುಂದೆ ನಿಂತಿರೋವಾಗ ಆ ವೈರಲ್ಲಿ ಕರೆಂಟೇ ಇರಬಾರದು. ಮಕ್ಕಳು ಬಟನ್ ಒತ್ತಿ ಆಟ ಆಡಿದ್ರೂ ಏನೂ ಆಗಬಾರದು.

[20:15] ಓಡ್ತಿರೋವಾಗ ಕೀಳಬಹುದಾ?

ಇದು ಇವತ್ತಿನ ಅತಿ ಮುಖ್ಯ ಪ್ರಶ್ನೆ. ಉತ್ತರ: ದಿನನಿತ್ಯ ಬೇಡ, ಪ್ರಾಣದ ಪ್ರಶ್ನೆ ಬಂದಾಗ ಹೌದು.

ಯಾಕೆ ಬೇಡ? ಮನೆಯ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ. ಪ್ಲಗ್ ಕೀಳುವಾಗ ಕಿಡಿ ಹತ್ತಿದ್ರೂ ಆ ಸೊನ್ನೆಯಲ್ಲಿ ಆರೋಕೆ ಅವಕಾಶ ಇದೆ. ಬ್ಯಾಟರಿಯದ್ದು ಡಿಸಿ. ಅದು ಸೊನ್ನೆಗೆ ಬರೋದೇ ಇಲ್ಲ, ಹಾಗಾಗಿ ಕಿಡಿ ಎಳ್ಕೊಂಡು ಉರಿಯುತ್ತೆ. ನಮ್ಮದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಂಥ ಕಡೆಯೂ ಇದೇ ನಿಯಮ: ಪ್ಯಾನೆಲ್ ಕನೆಕ್ಟರನ್ನ ಕರೆಂಟ್ ಹರೀತಿರೋವಾಗ ಕೀಳಬಾರದು. ಕೆಲಸ ನಿಲ್ಲಿಸಿ, ಆಮೇಲೆ ಕೀಳಿ.

ಆದ್ರೆ ಸಾಲಿನಾಯ್ಡ್ ಅಂಟಿಕೊಂಡು, ವಿಂಚ್ ನಿಲ್ಲದೆ, ಯಾರದ್ದೋ ಕೈ ಹತ್ತಿರ ಇದ್ರೆ? ಆಗ ಯೋಚನೆ ಬೇಡ. ಚೌಕಟ್ಟು ಅಥವಾ ಅದಕ್ಕೆ ಹಾಕಿರೋ ಹಿಡಿಯನ್ನ ಹಿಡಿದು, ಮುಖ ತಿರುಗಿಸಿ, ಒಂದೇ ಎಳೆತಕ್ಕೆ ಕೀಳಿ. ನಿಧಾನಕ್ಕೆ ಬಿಡಿಸಿದ್ರೆ ಕಿಡಿ ಜಾಸ್ತಿ. ನಾಲಿಗೆ ಸುಟ್ಟಿರುತ್ತೆ, ಪ್ಲಗ್ ಹಾಳಾಗಿರುತ್ತೆ. ಆಗಲಿ. ಆ ಜೊತೆಯನ್ನ ಎಸೆದು ಹೊಸದು ಹಾಕಿ. ಇನ್ನೂ ಒಳ್ಳೇದು ಬೇಕಂದ್ರೆ, ಲಾರಿ ಬಸ್ಸಲ್ಲಿ ಇರೋ ಥರ ಭಾರಿ ಬ್ಯಾಟರಿ ಕಟ್-ಆಫ್ ಸ್ವಿಚ್ಚನ್ನ ಪ್ಲಗ್ಗಿನ ಜೊತೆಗೇ ಹಾಕ್ಸಿ. ಕರೆಂಟ್ ಕಡಿಯೋದು ಸ್ವಿಚ್ಚಿನ ಕೆಲಸ, ಬೇರೆ ಮಾಡಿಡೋದು ಪ್ಲಗ್ಗಿನ ಕೆಲಸ.

ಅಂದ್ರೆ ಪ್ಲಗ್ ಎಲ್ಲಿ ಕೂರಿಸ್ತೀವಿ ಅನ್ನೋದೇ ಎಲ್ಲಕ್ಕಿಂತ ಮುಖ್ಯ. ಬಾನೆಟ್ ತೆಗೆದು ಹುಡುಕೋ ಜಾಗ ಬೇಡ. ಹಗ್ಗದ ದಾರಿಗೆ ಅಡ್ಡ ಬಂದು ಕೈ ಚಾಚೋ ಜಾಗ ಬೇಡ. ಬಟನ್ ಹಿಡಿದು ನಿಲ್ಲೋ ಮನುಷ್ಯನ ಇನ್ನೊಂದು ಕೈಗೆ ಸಿಗಬೇಕು. ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ವೈರ್ ಅಳೆಯೋ ಮುಂಚೆ ಮಾವನಿಗೆ ಹೇಳಿದ್ದು ಇದೇ: ‘ಯಜಮಾನ್ರೇ, ನೀವು ಯಾವಾಗ್ಲೂ ನಿಲ್ಲೋ ಜಾಗದಲ್ಲಿ ಒಂದ್ಸಲ ನಿಂತ್ಕೊಳ್ಳಿ. ಕಣ್ಣು ಮುಚ್ಚಿ ಕೈ ಚಾಚಿ. ಎಲ್ಲಿಗೆ ಬರುತ್ತೋ ಅಲ್ಲಿ ಹಾಕ್ತೀನಿ.’

ಮಾವ ಕಣ್ಣು ಮುಚ್ಚಿ ಕೈ ಚಾಚಿದ್ರು. ಎಡಗಡೆ, ತೊಟ್ಟಿಯ ಮೂಲೆ ಕಂಬ. ಈಗ ಪ್ಲಗ್ ಇರೋದು ಅಲ್ಲೇ.

[23:00] ಬಿಕಾಂ ಲೆಕ್ಕ

ನನ್ನ ಓದಿಗೂ ಒಂಚೂರು ಕೆಲಸ ಕೊಡೋಣ. ಒಂದು ಜೊತೆ ಪ್ಲಗ್, ನಾಲ್ಕು ಮೀಟರ್ 35 ಸ್ಕ್ವೇರ್ ಕೇಬಲ್, ಲಗ್ಗುಗಳು, ಕ್ರಿಂಪಿಂಗ್ ಕೂಲಿ. ಎಲ್ಲ ಸೇರಿದ್ರೂ ಸುಟ್ಟುಹೋದ ವಿಂಚಿನ ಮೋಟರ್ ರಿಪೇರಿ ಮಾಡಿಸಿದ ಖರ್ಚಿಗಿಂತ ಕಮ್ಮಿ ಆಯ್ತು. ಹೆಬ್ಬೂರಲ್ಲಿ ಸಿಗದೇ ಇದ್ದಿದ್ದನ್ನ ತುಮಕೂರಲ್ಲಿ ಕೇಳಿದ್ವಿ, 350ರ ಪ್ಲಗ್ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ.

ಇನ್ನೊಂದು ಕಾಲಂ ಇದೆ: ವಿಮೆ ಮತ್ತು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ರಚನೆಯನ್ನ ನಮಗೆ ಬೇಕಾದ ಹಾಗೆ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಎತ್ತಿ ಹಿಡಿದಿದೆ. ಜೀಪಿನ ಮುಂದೆ ಗಾರ್ಡ್ ಕಟ್ಟಿ ಅದರಲ್ಲಿ ವಿಂಚ್ ಕೂರಿಸೋ ಆಸೆ ಇರೋರು ಇನ್ನೊಂದು ತಿಳ್ಕೊಳ್ಳಿ: ಬುಲ್ ಬಾರ್ ಹಾಕೋದರ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಲ್ಲೇ ರಾಜ್ಯಗಳಿಗೆ ಬರೆದಿದೆ. ವಿಂಚ್ ಹಾಕಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಗಾಡಿಗೆ ಬೆಂಕಿ ಬಿದ್ದ ಮೇಲೆ ಟೇಪ್ ಸುತ್ತಿದ ವೈರ್ ತೋರಿಸಿ ಕ್ಲೇಮ್ ಕೇಳೋದು ಕಷ್ಟ.

[25:10] ಕೊನೆ ಮಾತು

ಇಷ್ಟೊತ್ತು ಕೇಳಿದ್ರಿ. ನೆನಪಿಟ್ಕೊಳ್ಳೋಕೆ ಒಂದೇ ಒಂದು ಹೇಳ್ತೀನಿ. ಗಾಡಿಗೆ ಏನೇ ಹೊಸದು ಹಾಕಿಸಿದ್ರೂ, ವಿಂಚ್ ಇರಲಿ, ಇನ್ವರ್ಟರ್ ಇರಲಿ, ‘ಇದು ಹೆಂಗೆ ಆನ್ ಆಗುತ್ತೆ’ ಅಂತ ಎಲ್ಲರೂ ಕೇಳ್ತೀವಿ. ಇನ್ನೊಂದು ಪ್ರಶ್ನೆ ಸೇರಿಸಿ: ‘ಇದು ನಿಲ್ಲದೇ ಇದ್ರೆ, ಸ್ಪ್ಯಾನರ್ ಇಲ್ಲದೆ, ಒಂದೇ ಕೈಲಿ, ನಾನು ಹೆಂಗೆ ನಿಲ್ಲಿಸ್ತೀನಿ?’ ಉತ್ತರ ಇಲ್ಲ ಅಂದ್ರೆ ಆ ಕೆಲಸ ಇನ್ನೂ ಮುಗಿದಿಲ್ಲ.

ಮೊನ್ನೆ ಹೆಬ್ಬೂರಿಗೆ ಹೋಗಿದ್ದೆ. ಇನ್ನೊಂದು ಟಿಲ್ಲರ್ ಹತ್ತಿಸ್ತಿದ್ರು. ಮಾವನ ಮಗ ಈ ಸಲ ತೊಟ್ಟಿ ಮೇಲೆ ಇರಲಿಲ್ಲ, ಹಗ್ಗದ ನೇರಕ್ಕೂ ಇರಲಿಲ್ಲ. ಮಾವನ ಪಕ್ಕದಲ್ಲಿ ನಿಂತು, ಮೂಲೆ ಕಂಬದ ಪ್ಲಗ್ ಮೇಲೆ ಕೈ ಇಟ್ಕೊಂಡಿದ್ದ. ಕೆಲಸ ಮುಗಿದ ತಕ್ಷಣ ಕಿತ್ತು, ಮುಚ್ಚಳ ಹಾಕಿದ. ಯಾರೂ ಹೇಳಬೇಕಾಗಲಿಲ್ಲ.

ಪಿಕಪ್ ಅಥವಾ ಟ್ರ್ಯಾಕ್ಟರ್ ಇರೋ ಒಬ್ಬರಿಗಾದ್ರೂ ಈ ಸಂಚಿಕೆ ಕಳಿಸಿ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಹಾಕಿ, ನನಗೆ ಗೊತ್ತಿಲ್ಲದಿದ್ರೆ ಗೊತ್ತಿರೋ ಅಣ್ಣನ್ನ ಕೇಳಿ ಹೇಳ್ತೀನಿ.